ಕೂಪಿನ ಕೆಲಸ ನಡೆಯುವಾಗ ಕಾಡುದಾರಿಯ ಬಾಯಲ್ಲೇ ಫಲಕವಿರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ನಾವು ಏಳೆಂಟು ಮಂದಿ, ಹೆಚ್ಚಿನವರು ಐವತ್ತು ದಾಟಿದವರು, ತಿಂಗಳಿಗೊಂದು ಭಾನುವಾರ ಚನ್ನಗಿರಿ ಕಡೆಯ ಗುಡ್ಡಗಳಿಗೋ, ಅನುಮತಿ ಪಡೆದು ಚಿತ್ರದುರ್ಗದ ಜೋಗಿಮಟ್ಟಿಗೋ ಕಾಲ್ನಡಿಗೆಯಲ್ಲಿ ಹೋಗಿಬರುವ ರೂಢಿ ಇಟ್ಟುಕೊಂಡಿದ್ದೇವೆ. ಕಳೆದ ತಿಂಗಳು ಚನ್ನಗಿರಿ ಸೀಮೆಯ ಒಂದು ಹಳೆಯ ಬಂಡಿದಾರಿಯಲ್ಲಿ ನಮಗಾದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ಅದೇ ದಾರಿಯಲ್ಲಿ ನಾಳೆ ನಡೆಯುವವರಿಗೆ ನಮ್ಮಷ್ಟು ಅದೃಷ್ಟ ಇರಲಿಕ್ಕಿಲ್ಲ ಎಂಬ ಆತಂಕವೇ ಈ ಪತ್ರಕ್ಕೆ ಕಾರಣ.

ಆ ದಾರಿ ನೀಲಗಿರಿ ನೆಡುತೋಪಿನ ನಡುವೆ ಹಾದು ಗುಡ್ಡದ ಮೇಲಿನ ಗುಡಿಯೊಂದಕ್ಕೆ ಹೋಗುತ್ತದೆ. ಒಳಗೆ ಕೂಪಿನ ಕೆಲಸ, ಅಂದರೆ ಕಡಿತಕ್ಕೆಂದು ಗುರುತಿಸಿದ ಕಾಡಿನ ಭಾಗದಲ್ಲಿ ಮರ ಕಡಿಯುವ ಕೆಲಸ, ನಡೆಯುತ್ತಿದೆ ಎಂಬುದಕ್ಕೆ ದಾರಿಯ ಆರಂಭದಲ್ಲಿ ಒಂದು ಫಲಕವಾಗಲಿ, ಅಡ್ಡ ಕಟ್ಟಿದ ಹಗ್ಗವಾಗಲಿ ಇರಲಿಲ್ಲ. ಅರ್ಧ ದೂರ ನಡೆದ ಮೇಲೆ ಯಂತ್ರಗರಗಸದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಅದು ನಿಂತದ್ದರಿಂದ, ಕೆಲಸದವರು ಊಟಕ್ಕೆ ಕೂತಿರಬೇಕೆಂದುಕೊಂಡು ನಾವು ಮುಂದಿನ ತಿರುವಿಗೆ ಬಂದೆವು. ಮೇಲಿನ ಇಳಿಜಾರಿನಲ್ಲಿ ಕುಡುಗೋಲು ಹಿಡಿದು ತೊಗಟೆ ಸುಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ನಮ್ಮನ್ನು ಕಂಡವಳೇ ಎದ್ದು, 'ಯಣ್ಣಾ, ಅಲ್ಲೇ ನಿಂದ್ರ್ರಿ, ಮುಂದಕ್ಕ ಬರಬ್ಯಾಡ್ರಿ' ಎಂದು ಕೂಗಿದಳು. ನಾವು ನಿಂತ ಮರುಗಳಿಗೆಯಲ್ಲೇ ಇಪ್ಪತ್ತು ಹೆಜ್ಜೆ ಮುಂದೆ, ದಾರಿಗೆ ಅಡ್ಡಲಾಗಿ, ಒಂದು ಮರ ಬಂದು ಬಿತ್ತು. ಬಿದ್ದ ರಭಸಕ್ಕೆ ಮುರಿದ ತೋಳುಗಾತ್ರದ ಕೊಂಬೆಯೊಂದು ಚಿಮ್ಮಿ ಬಂದು ನಮ್ಮ ಕಾಲ ಬಳಿಯೇ ಬಿತ್ತು. ಹಸಿ ಎಲೆಯ ಘಾಟಿಗೆ ಕಣ್ಣಲ್ಲಿ ನೀರು ಬಂದರೂ ಬಹಳ ಹೊತ್ತು ಯಾರೂ ಕದಲಲಿಲ್ಲ. ಆ ತಾಯಿಗೆ ಕೈಮುಗಿದು ಬಂದೆವು.

ಗರಗಸದ ಸದ್ದು ನಿಂತಿತೆಂದರೆ ಅಪಾಯ ಕಳೆಯಿತೆಂದು ನಾವು ತಿಳಿದದ್ದೇ ತಪ್ಪು. ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಿ, ಆಮೇಲೆ ಹಿಂದಿನಿಂದ ಕೊಯ್ಯುತ್ತಾರೆ; ಮರ ವಾಲತೊಡಗಿದೊಡನೆ ಕೊಯ್ಯುವವನು ಕೈತಡೆದು ಹಿಂದೆ ಸರಿಯುತ್ತಾನೆ. ಅಂದರೆ ಹೊರಗಿನವರಿಗೆ ಸದ್ದಡಗಿದಂತೆ ತೋರುವ ಹೊತ್ತೇ ಮರ ಬೀಳುವ ಹೊತ್ತೂ ಆಗಿರಬಹುದು. ಕೆಲವೊಮ್ಮೆ ಕಡಿದ ಮರ ಪೂರ್ತಿ ನೆಲಕ್ಕೆ ಬರದೆ ಪಕ್ಕದ ಮರದ ಕವಲಿಗೆ ಸಿಕ್ಕಿ ನಿಲ್ಲುತ್ತದೆ, ಅದು ಯಾವಾಗ ಜಾರೀತೆಂದು ಕಡಿದವನಿಗೂ ಹೇಳಲಾಗದು. ಈ ಕಾರಣಕ್ಕೇ ಕಡಿಯುವ ಮರದ ಎತ್ತರದ ಕನಿಷ್ಠ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು ಎಂಬುದು ಈ ಕೆಲಸದಲ್ಲಿ ಎಲ್ಲೆಡೆ ಒಪ್ಪಿರುವ ನಿಯಮ. 25 ಮೀಟರ್ ಎತ್ತರದ ನೀಲಗಿರಿಗೆ ಅದು 50 ಮೀಟರ್ ಆಗುತ್ತದೆ. ಇಂಜಿನ್ನಿನ ಅಬ್ಬರದ ನಡುವೆ ನಮ್ಮ ಕೂಗು ಕೊಯ್ಯುವವನಿಗೆ ಕೇಳುವುದಿಲ್ಲ. ಸ್ವಲ್ಪ ಮುಂದೆ ದಾರಿಯ ಬದಿಯಲ್ಲೇ ಆಳೆತ್ತರಕ್ಕೆ ಒಟ್ಟಿದ್ದ ದಿಮ್ಮಿಗಳನ್ನು ಇಳಿಜಾರಿನ ಕಡೆ ತಡೆದು ನಿಲ್ಲಿಸಿದ್ದದ್ದು ತೆಂಗಿನಕಾಯಿ ಗಾತ್ರದ ಎರಡು ಕಲ್ಲು. ಒಂದು ಘನ ಮೀಟರ್ ಹಸಿ ನೀಲಗಿರಿ ಸುಮಾರು ಒಂದು ಟನ್ ತೂಗುತ್ತದೆ. ಅಂಥ ರಾಶಿಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವವರನ್ನೂ ನಾನು ಬೇರೆ ಕಡೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಡಿಯಲೇಬಾರದೆಂದು ನಾನು ಹೇಳುತ್ತಿಲ್ಲ. ಬೆಳೆದ ನೆಡುತೋಪನ್ನು ಕಡಿಯುವುದು ಸಹಜ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿರುವುದರಿಂದ ಹಳೆಯ ತೋಪುಗಳು ತೆರವಾಗಿ ಬೇರೆ ಮರಗಳಿಗೆ ಜಾಗವಾದರೆ ನನಗೆ ಸಂತೋಷವೇ. ನನ್ನ ಪ್ರಶ್ನೆ ಬೇರೆ. ಅರಣ್ಯದಲ್ಲಿ ಮರ ಕಡಿಯುವುದು ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಂತೆಯೇ ನಡೆಯಬೇಕೆಂದು ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಆದೇಶಿಸಿದೆ. ಯಾವ ವರ್ಷ ಯಾವ ಕೂಪು ಎಂಬುದು ಆ ಯೋಜನೆಯಿಂದ ಮೊದಲೇ ಗೊತ್ತಿರುತ್ತದೆ, ನಾಟಾ ಹೊರಗೆ ಸಾಗಿಸಲು ಪರವಾನಗಿಯೂ ಬೇಕು. ಇಷ್ಟೆಲ್ಲ ಕಾಗದದಲ್ಲಿರುವಾಗ, ಅದರಲ್ಲಿನ ಎರಡು ಸಾಲನ್ನು ದಾರಿಯ ಬಾಯಲ್ಲಿ ಕನ್ನಡದಲ್ಲಿ ಬರೆದು ನಿಲ್ಲಿಸಲು ಏನು ಅಡ್ಡಿ? ಕಡಿತ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಆ ದಿನಗಳಲ್ಲಿ ಯಾವ ಬಳಸುದಾರಿ ಹಿಡಿಯಬೇಕು ಎಂಬಷ್ಟು ಸಾಕು. ಓದಲು ಬಾರದವರಿಗಾಗಿ ಒಂದು ಕೆಂಪು ಬಾವುಟವಿರಲಿ, ದಾರಿ ಕೂಪಿಗೆ ತಾಗುವ ಎರಡೂ ಕಡೆ ಒಬ್ಬೊಬ್ಬ ಕಾವಲಿನವರು ನಿಲ್ಲಲಿ. ಅವರ ಕೂಲಿ ಗುತ್ತಿಗೆಯ ಲೆಕ್ಕದಲ್ಲೇ ಸೇರಬೇಕು.

ಇದಕ್ಕೆ ಉತ್ತರವಾಗಿ ಕಾಡುದಾರಿಗಳನ್ನೇ ಕಾಯಂ ಮುಚ್ಚಿಬಿಡುವ ಆಲೋಚನೆ ಯಾರಿಗೂ ಬರದಿರಲಿ. ಅಲ್ಲಿ ನಡೆಯುವವರು ಪಟ್ಟಣದ ನಾವು ನಾಲ್ಕು ಜನ ಮಾತ್ರವಲ್ಲ. ದನ ಹೊಡೆದುಕೊಂಡು ಹೋಗುವ ಹುಡುಗರು, ಪುಳ್ಳೆ ಆಯುವ ಅಜ್ಜಿಯರು, ಹರಕೆ ತೀರಿಸಲು ಗುಡಿಗೆ ಹೋಗುವ ಸಂಸಾರಗಳು ಎಲ್ಲರಿಗೂ ಅದೇ ದಾರಿ. ಮಳೆಗಾಲದಲ್ಲಿ ಕೂಪಿನ ರಸ್ತೆಗೆ ಲಾರಿ ಇಳಿಯದ ಕಾರಣ ಕಡಿತ ಹೆಚ್ಚಾಗಿ ಬೇಸಗೆಯಲ್ಲೇ ನಡೆಯುತ್ತದೆ, ನಮ್ಮ ಕಡೆಯ ಜಾತ್ರೆಗಳೂ ಆಗಲೇ ಬರುತ್ತವೆ.

ನಾವು ಕಂಡ ಆ ತೋಪಿನಲ್ಲಿ ಇನ್ನೂ ಅರ್ಧದಷ್ಟು ಮರಗಳು ನಿಂತಿವೆ. ಗುಡಿಗೆ ಪ್ರತಿ ಸೋಮವಾರ ಜನ ಹತ್ತುತ್ತಾರೆಂದು ಹಿಂತಿರುಗುವಾಗ ಊರಿನವರು ಹೇಳಿದರು. ಸಂಬಂಧಪಟ್ಟವರು ಮುಂದಿನ ಸೋಮವಾರದೊಳಗೆ ಅಲ್ಲೊಂದು ಫಲಕ ನಿಲ್ಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ತಮ್ಮ ಓದುಗ,
ದಾವಣಗೆರೆ