ಮಕ್ಕಳ ಮುಂದಿನ ದಾರಿಗೆ ಮೇಳ ಸಾಲದು, ಪಿರಿಯಡ್ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್. ಅದರ ಜೊತೆಗೆ ಶಾಲೆಯ 'ಕರಿಯರ್ ಕೌನ್ಸೆಲಿಂಗ್' ಹೊಣೆಯೂ ನನ್ನ ಹೆಸರಿನಲ್ಲಿದೆ. ಹೆಸರಿನಲ್ಲಿದೆ ಅಷ್ಟೇ. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಒಂದೇ ಒಂದು ಪಿರಿಯಡ್ ಇಲ್ಲ. ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲೆ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತುಕೊಂಡೇ ಮಕ್ಕಳ ಜೊತೆ ಈ ಮಾತು ನಡೆಯುತ್ತದೆ. ನನ್ನಂಥವರು ಎಷ್ಟೋ ಶಾಲೆಗಳಲ್ಲಿದ್ದಾರೆ.

ಹೈಸ್ಕೂಲು ಮುಗಿಸುವ ಮಕ್ಕಳಿಗೆ ಮುಂದಿನ ಓದು, ಕೆಲಸದ ಬಗ್ಗೆ ದಾರಿ ತೋರಿಸಬೇಕು ಅನ್ನುವುದಕ್ಕೆ ಈಗ ಯಾರ ತಕರಾರೂ ಇಲ್ಲ. ನೀವೂ ಭಾಷಣಗಳಲ್ಲಿ ಹೇಳುತ್ತೀರಿ, ನಿಮಗಿಂತ ಮುಂಚೆ ಇದ್ದವರೂ ಹೇಳುತ್ತಿದ್ದರು. ನನ್ನ ತಕರಾರು ಬೇರೆ. ಅದಕ್ಕಂತ ಹಣ ಬಂದಾಗಲೆಲ್ಲ ಅದು ಒಂದು ದಿನದ ಮೇಳಕ್ಕೋ, ಹೊಸ ಪೋರ್ಟಲ್‌ಗೋ, ಬಣ್ಣದ ಕೈಪಿಡಿಗೋ ಹೋಗುತ್ತದೆ. ಒಂದು ಮಗುವಿನ ಪಕ್ಕ ಕೂತು ಅದರ ಮಾತು ಕೇಳುವವರ ಸಮಯಕ್ಕೆ ಮಾತ್ರ ಬರುವುದಿಲ್ಲ.

ಮೇಳದ ದಿನ ವೇದಿಕೆ ಮೇಲಿಂದ ಕಾಣುವುದೇ ಒಂದು, ಹಿಂದಿನ ಸಾಲಿನಿಂದ ಕಾಣುವುದೇ ಇನ್ನೊಂದು. ಮೇಲಿಂದ ನೋಡಿದರೆ ಸಭಾಂಗಣ ಭರ್ತಿ. ಹಿಂದೆ ಕೂತವರಿಗೆ ಮೈಕಿನ ಮಾತು ಅರ್ಧಂಬರ್ಧ. ಭಾಷಣಕಾರರು 'ದೊಡ್ಡ ಕನಸು ಕಾಣಿ' ಅನ್ನುತ್ತಾರೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಹೊರಗೆ ಸಾಲಾಗಿ ಕಾಲೇಜುಗಳ ಮೇಜುಗಳು. ಪ್ರತಿ ಮೇಜಿನಲ್ಲೂ ಒಂದು ಚೀಲ, ಚೀಲದಲ್ಲಿ ನಾಲ್ಕು ಹೊಳೆಯುವ ಹಾಳೆ, ಒಂದು ಪೆನ್ನು. ಮಾರನೇ ದಿನ ಪೆನ್ನು ಉಳಿದಿರುತ್ತದೆ. ಒಬ್ಬ ಹುಡುಗ ಮೂರು ಕಾಲೇಜಿನ ಹಾಳೆ ತಂದು ನನ್ನ ಮುಂದಿಟ್ಟ. ಮೂರರಲ್ಲೂ 'ನೂರಕ್ಕೆ ನೂರು ಉದ್ಯೋಗ' ಅಂತ ಬರೆದಿತ್ತು. "ಮೂರರಲ್ಲೂ ನೂರೇ ಆದ್ರೆ, ಯಾವುದನ್ನ ಆರಿಸ್ಕೊಳ್ಳೋದು ಮಿಸ್?" ಅಂದ. ಗಣಿತದ ಟೀಚರ್‌ಗೆ ಕೇಳಬೇಕಾದ ಪ್ರಶ್ನೆಯೇ ಸರಿ.

ಇನ್ನೊಬ್ಬಳು ಹುಡುಗಿ. ತರಗತಿಯಲ್ಲಿ ಯಾವಾಗ ಕೇಳಿದರೂ 'ಡಾಕ್ಟರ್ ಆಗ್ತೀನಿ' ಅನ್ನುವವಳು. ಸಹಪಾಠಿಯ ಮಂಡಿ ತರಚಿದರೂ ಮುಖ ಆ ಕಡೆ ತಿರುಗಿಸುತ್ತಾಳೆ. ಒಬ್ಬಳೇ ಸಿಕ್ಕಾಗ ಕೇಳಿದೆ, ನಿಜವಾಗಿಯೂ ಡಾಕ್ಟರೇ ಆಗಬೇಕಾ ಅಂತ. "ಹಾಗಂದ್ರೆ ಯಾರೂ ಮುಂದೆ ಏನೂ ಕೇಳಲ್ಲ ಮಿಸ್" ಅಂದಳು. ಲ್ಯಾಬ್‌ಗೆ ವೈರಿಂಗ್ ಮಾಡಲು ಬಂದವರ ಹಿಂದೆ ಮುಂದೆ ಸುತ್ತಿ, ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಇದನ್ನು ಕತ್ತರಿಸಿದರೆ ಏನಾಗುತ್ತದೆ ಅಂತ ಅವರ ತಲೆ ತಿಂದವಳು ಇವಳೇ. ಆ ಕೆಲಸದಲ್ಲೂ ಡಿಪ್ಲೊಮಾ ಇದೆ, ಡಿಗ್ರಿ ಇದೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹುಡುಗಿಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ.

ಇದು ಬರೀ ನಮ್ಮ ಶಾಲೆಯ ಕಥೆಯಲ್ಲ. ಮುಂದುವರಿದ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ, ಹಲವು ದೇಶಗಳ ಮಕ್ಕಳ ಕಲಿಕೆ ಅಳೆಯುವ ತನ್ನ 2018ರ ಪೀಸಾ ಪರೀಕ್ಷೆಯ ಜೊತೆಗೆ 15 ವರ್ಷದ ಮಕ್ಕಳನ್ನು 'ಮೂವತ್ತನೇ ವಯಸ್ಸಿಗೆ ಏನು ಕೆಲಸ ಮಾಡುತ್ತಿರುತ್ತೀರಿ' ಅಂತ ಕೇಳಿತ್ತು. 41 ದೇಶಗಳ ಉತ್ತರ ಕೂಡಿಸಿ ನೋಡಿದರೆ ಹುಡುಗಿಯರಲ್ಲಿ ಶೇ. 53, ಹುಡುಗರಲ್ಲಿ ಶೇ. 47 ಮಂದಿ ಬರೀ ಹತ್ತು ಕೆಲಸಗಳ ಹೆಸರು ಹೇಳಿದ್ದರು. ಜಗತ್ತಿನಲ್ಲಿ ಸಾವಿರಾರು ಬಗೆಯ ಕೆಲಸ ಇದೆ. ಮಕ್ಕಳ ಬಾಯಲ್ಲಿ ಬರುವುದು ಹತ್ತು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಕಂಡಿದ್ದನ್ನು ಹೇಳುತ್ತಾರೆ, ಅಥವಾ ದೊಡ್ಡವರನ್ನು ಸುಮ್ಮನಾಗಿಸುವ ಉತ್ತರ ಯಾವುದು ಅಂತ ನೋಡಿಕೊಂಡು ಹೇಳುತ್ತಾರೆ.

ಹಾಗಾದರೆ ಮಾಹಿತಿ ಕೊಟ್ಟರೆ ಆಯ್ತಲ್ಲ, ಅದಕ್ಕೇ ಪೋರ್ಟಲ್ ಮಾಡಿದ್ದೇವೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇಲ್ಲಿ ಸ್ವಲ್ಪ ನಿಲ್ಲಬೇಕು ಸಚಿವರೇ. ನನ್ನ ಪತ್ರದ ಜೀವ ಇರುವುದೇ ಇಲ್ಲಿ.

ಅಮೆರಿಕದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅಲ್ಲಿ ಕಾಲೇಜಿಗೆ ಸರ್ಕಾರದ ಹಣಸಹಾಯ ಬೇಕಾದರೆ ಉದ್ದದೊಂದು ಅರ್ಜಿ ತುಂಬಬೇಕು. ತೆರಿಗೆ ಲೆಕ್ಕ ಮಾಡಿಕೊಡುವ ಕಚೇರಿಗೆ ಬಂದ ಕಡಿಮೆ ಆದಾಯದ ಕುಟುಂಬಗಳಲ್ಲಿ ಒಂದು ಗುಂಪಿಗೆ, ಅಲ್ಲೇ ಕೂರಿಸಿ ಆ ಅರ್ಜಿಯನ್ನೂ ತುಂಬಿಸಿಕೊಟ್ಟರು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ, ಹತ್ತು ನಿಮಿಷದ ಆಸುಪಾಸು. ಇನ್ನೊಂದು ಗುಂಪಿಗೆ 'ನಿಮಗೆ ಇಷ್ಟು ಸಹಾಯ ಸಿಗಬಹುದು' ಅಂತ ಮಾಹಿತಿ ಮಾತ್ರ ಕೊಟ್ಟು ಕಳಿಸಿದರು. ಅರ್ಜಿ ತುಂಬಿಸಿಕೊಂಡ ಮನೆಗಳ ಹೈಸ್ಕೂಲ್ ಮಕ್ಕಳಲ್ಲಿ, ಎರಡು ವರ್ಷ ಕಾಲೇಜು ಮುಗಿಸಿದವರ ಪ್ರಮಾಣ ಶೇ. 28ರಿಂದ 36ಕ್ಕೆ ಏರಿತು. ಬರೀ ಮಾಹಿತಿ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಲಿಲ್ಲ.

ಹತ್ತು ನಿಮಿಷ ಪಕ್ಕ ಕೂತಿದ್ದಕ್ಕೆ ಸಿಕ್ಕ ಫಲ ಮಾಹಿತಿಗೆ ಸಿಗಲಿಲ್ಲ. ನನಗೇನೂ ಇದು ಆಶ್ಚರ್ಯ ಅನ್ನಿಸಲಿಲ್ಲ. ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಪ್ರತಿ ವರ್ಷ ನೋಡುತ್ತೇನೆ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿಗೆ ಒಂದು ಇನಿಷಿಯಲ್, ಆದಾಯ ಪ್ರಮಾಣಪತ್ರದಲ್ಲಿ ಎರಡು. ಕೊಟ್ಟ ಮೊಬೈಲ್ ನಂಬರ್ ಚಿಕ್ಕಪ್ಪನದು, ಅವರು ಸಿಮ್ ಬದಲಾಯಿಸಿ ಆರು ತಿಂಗಳಾಗಿದೆ, ಒಟಿಪಿ ಯಾರಿಗೋ ಹೋಗುತ್ತಿದೆ. ಫೋಟೊ ನಿಗದಿಗಿಂತ ದೊಡ್ಡದಾಯಿತು ಅಂತ ಪರದೆ ಕೆಂಪಾಗುತ್ತದೆ. ಮಗು ಅದನ್ನು ನೋಡಿ 'ನನಗೆ ಸೀಟು ಸಿಗಲ್ಲ' ಅಂದುಕೊಳ್ಳುತ್ತದೆ! ಫೋಟೊ ಸಣ್ಣದು ಮಾಡಿದರೆ ಮುಗಿಯುವ ಕೆಲಸ. ಅದನ್ನು ಹೇಳುವವರು ಹತ್ತಿರ ಇರಬೇಕು ಅಷ್ಟೇ.

ಮೊಬೈಲಿಗೆ ಮೆಸೇಜ್ ಕಳಿಸಿದರೆ ಸಾಲದೇ ಅಂತಲೂ ಕೇಳುತ್ತಾರೆ. ಅದನ್ನೂ ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. ಸಣ್ಣ ಮಟ್ಟದಲ್ಲಿ, ಮಕ್ಕಳಿಗೆ ಗೊತ್ತಿರುವ ಸ್ಥಳೀಯ ಸಂಸ್ಥೆಗಳ ಕಡೆಯಿಂದ ನೆನಪಿಸುವ ಮೆಸೇಜ್ ಹೋದಾಗ ಕೆಲವು ಕಡೆ ಕೆಲಸ ಮಾಡಿತು. ಅದನ್ನೇ ಹಿಗ್ಗಿಸಿ 8 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಕಳಿಸಿದಾಗ ಕಾಲೇಜು ಸೇರುವವರ ಸಂಖ್ಯೆ ಜಗ್ಗಲಿಲ್ಲ. ಗುರುತಿಲ್ಲದ ನಂಬರಿನಿಂದ ಬರುವ ಮೆಸೇಜ್ ನೀವಾದರೂ ಓದುತ್ತೀರಾ?

ಇನ್ನು ಸಮಯದ ವಿಚಾರ. ಫಲಿತಾಂಶ ಬಂದ ವಾರದಲ್ಲಿ ನಿಮ್ಮ ಇಲಾಖೆ ಚುರುಕಾಗುತ್ತದೆ. ಸಹಾಯವಾಣಿ ಶುರುವಾಗುತ್ತದೆ, ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ. ಆ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಅಂಕ ಜಾಸ್ತಿ ಬಂದರೆ ಇದು, ಕಡಿಮೆ ಬಂದರೆ ಅದು. ಮಗುವಿಗೆ ಏನು ಹಿಡಿಸುತ್ತದೆ ಅನ್ನುವ ಮಾತು ಆ ಗಡಿಬಿಡಿಯಲ್ಲಿ ಬರುವುದೇ ಇಲ್ಲ. ಈ ಮಾತುಕತೆ ಎಂಟನೇ ತರಗತಿಯಲ್ಲೇ ನಿಧಾನಕ್ಕೆ ಶುರುವಾಗಬೇಕು. ಎಂಟನೇ ತರಗತಿಯಲ್ಲಿ ಯಾರನ್ನೂ ಒಂದು ವೃತ್ತಿಗೆ ಕಟ್ಟಿಹಾಕಿ ಅಂತ ಹೇಳುತ್ತಿಲ್ಲ. ಬೇರೆ ಬೇರೆ ಕೆಲಸ ಮಾಡುವವರನ್ನು ನೋಡಲಿ, ಮಾತಾಡಿಸಲಿ, 'ಇದು ನನಗಾಗಲ್ಲ' ಅಂತ ತಿಳಿದುಕೊಳ್ಳಲಿ. ಅದೂ ದೊಡ್ಡ ಲಾಭವೇ.

ಶಾಲೆ ಮುಗಿದು ಕಾಲೇಜು ಶುರುವಾಗುವ ನಡುವಿನ ತಿಂಗಳುಗಳಂತೂ ಯಾರಿಗೂ ಸೇರಿದ್ದಲ್ಲ. ಹೈಸ್ಕೂಲಿನವರು 'ಪಾಸಾಗಿ ಹೋದ' ಅನ್ನುತ್ತಾರೆ, ಕಾಲೇಜಿನವರು 'ಇನ್ನೂ ಬಂದಿಲ್ಲ' ಅನ್ನುತ್ತಾರೆ. ಕಾಲೇಜು ಸೇರುತ್ತೇವೆ ಅಂತ ನಿರ್ಧಾರ ಮಾಡಿದ ಮೇಲೂ ಆ ಬೇಸಿಗೆಯಲ್ಲಿ ಕೈಬಿಡುವವರು ಅಮೆರಿಕದಲ್ಲಿ ಶೇ. 10ರಿಂದ 20ರಷ್ಟು ಅಂತ ಅಧ್ಯಯನಗಳು ಅಂದಾಜು ಮಾಡಿವೆ. ಬಡ ಮಕ್ಕಳಲ್ಲಿ ಕೆಲವು ಕಡೆ ಶೇ. 40ರ ತನಕ. ಸೀಟು ಇತ್ತು, ಮನಸ್ಸೂ ಇತ್ತು. ಯಾವುದೋ ಒಂದು ಕಾಗದ, ಒಂದು ಕಂತು, ಒಂದು ಕೊನೆ ದಿನಾಂಕ ತಪ್ಪಿತು. ಆ ಹೊತ್ತಿನಲ್ಲಿ ನನ್ನಂಥ ಟೀಚರ್‌ಗಳು ರಜೆಯಲ್ಲಿರುತ್ತೇವೆ, ಶಾಲೆಗೆ ಬೀಗ ಬಿದ್ದಿರುತ್ತದೆ.

ದುಡ್ಡಿನ ಮಾತು ಬಂದಾಗ ಅಪ್ಪ ಅಮ್ಮಂದಿರನ್ನು ಕಡೆಗಣಿಸಿ ಯಾವ ಕೌನ್ಸೆಲಿಂಗೂ ನಡೆಯುವುದಿಲ್ಲ. 'ಅರ್ಹರಿಗೆ ವಿದ್ಯಾರ್ಥಿವೇತನ ಲಭ್ಯವಿರಬಹುದು' ಅಂತ ನಿಮ್ಮ ಸುತ್ತೋಲೆ ಹೇಳುತ್ತದೆ. ಆ 'ಬಹುದು' ನಂಬಿ ಯಾವ ತಂದೆ ಮಗಳನ್ನು ಕಾಲೇಜಿಗೆ ಕಳಿಸುವ ಧೈರ್ಯ ಮಾಡುತ್ತಾರೆ? ಮಿಚಿಗನ್ ವಿಶ್ವವಿದ್ಯಾಲಯ 2015ರಲ್ಲಿ, ಚೆನ್ನಾಗಿ ಓದುವ ಬಡ ವಿದ್ಯಾರ್ಥಿಗಳ ಮನೆಗೆ ಒಂದು ಕಾಗದ ಕಳಿಸಿತು. ನಿಮಗೆ ಪ್ರವೇಶ ಸಿಕ್ಕರೆ ನಾಲ್ಕು ವರ್ಷದ ಫೀಸು ನಾವು ಕೇಳುವುದಿಲ್ಲ, ಖಂಡಿತ, ಅಂತ. ತಂದೆ ತಾಯಿಗೂ ಬೇರೆ ಕಾಗದ ಹೋಯಿತು, ಮುಖ್ಯೋಪಾಧ್ಯಾಯರಿಗೂ ತಿಳಿಸಿದರು. ಹೊಸದಾಗಿ ಯಾವ ಸವಲತ್ತನ್ನೂ ಸೃಷ್ಟಿಸಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಆ ಸಹಾಯ ಹೇಗೂ ಸಿಗುತ್ತಿತ್ತು. ಅದನ್ನು ಮೊದಲೇ ಖಚಿತವಾಗಿ ಹೇಳಿದರು, ಅಷ್ಟೇ. ಕಾಗದ ಹೋಗದ ಗುಂಪಿನಲ್ಲಿ ಅರ್ಜಿ ಹಾಕಿದವರು ಶೇ. 26, ಹೋದ ಗುಂಪಿನಲ್ಲಿ ಶೇ. 68. ಸೇರಿದವರು ಶೇ. 12 ಇದ್ದಿದ್ದು 27 ಆಯಿತು. ಸಚಿವರೇ, ನಿಮ್ಮ ಸುತ್ತೋಲೆಯ ಆ ಒಂದು ಸಾಲು ತಿದ್ದಲು ಬಜೆಟ್ ಬೇಕಾಗಿಲ್ಲ.

ಅಭಿರುಚಿ ಪರೀಕ್ಷೆಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಮಾತು ಶುರು ಮಾಡಲು ಒಳ್ಳೆಯ ನೆಪ. ತೀರ್ಪು ಅಂತ ಕೊಟ್ಟರೆ ಅಪಾಯ. 'ನಿನಗೆ ಕಲಾ ವಿಭಾಗ' ಅಂತ ಕಂಪ್ಯೂಟರ್ ಛಾಪಿಸಿದ ಹಾಳೆ ಹಿಡಿದು ಅತ್ತ ಮಕ್ಕಳನ್ನು ನೋಡಿದ್ದೇನೆ. ಕಲಾ ವಿಭಾಗಕ್ಕೆ ಅಳುವಂಥದ್ದು ಏನಿದೆ ಅನ್ನುವುದು ಬೇರೆ ಮಾತು, ಅದನ್ನು ಬರೆಯಲು ಕೂತರೆ ಇನ್ನೊಂದು ಪತ್ರವೇ ಆದೀತು.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದರೆ, ಫಿನ್ಲೆಂಡಿನಲ್ಲಿ 7ರಿಂದ 9ನೇ ತರಗತಿಯೊಳಗೆ ಮಕ್ಕಳಿಗೆ ಮುಂದಿನ ದಾರಿ ತೋರಿಸುವುದಕ್ಕೆ 76 ಗಂಟೆ ಮೀಸಲು. ಗಣಿತ, ಇತಿಹಾಸದ ಹಾಗೆ ಇದೂ ಟೈಮ್‌ಟೇಬಲ್‌ನಲ್ಲಿರುವ ಒಂದು ವಿಷಯ. ಇಂಗ್ಲೆಂಡಿನ ಶಾಲೆಗಳಿಗೆ 2014ರಲ್ಲಿ ರೂಪಿಸಿದ ಎಂಟು ಮಾನದಂಡಗಳಲ್ಲಿ ಒಂದು, ಪ್ರತಿ ವಿದ್ಯಾರ್ಥಿಗೂ 16 ವರ್ಷದೊಳಗೆ ಒಮ್ಮೆ, 18ರೊಳಗೆ ಮತ್ತೊಮ್ಮೆ ತರಬೇತಿ ಪಡೆದವರ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವ ಅವಕಾಶ. ಅಲ್ಲಿ ಇನ್ನೊಂದು ಸಮಸ್ಯೆಯೂ ಇತ್ತು. ಕೆಲವು ಶಾಲೆಗಳು ತಮ್ಮ ಮಕ್ಕಳನ್ನು ತಮ್ಮಲ್ಲೇ ಉಳಿಸಿಕೊಳ್ಳಲು, ತಾಂತ್ರಿಕ ಕೋರ್ಸುಗಳ ಬಗ್ಗೆ ತುಟಿಪಿಟಕ್ ಅನ್ನುತ್ತಿರಲಿಲ್ಲ. ಆ ಕೋರ್ಸು ನಡೆಸುವ ಸಂಸ್ಥೆಯವರನ್ನೂ ಶಾಲೆಯೊಳಗೆ ಬಿಟ್ಟುಕೊಂಡು ಮಕ್ಕಳ ಜೊತೆ ಮಾತಾಡಲು ಕೊಡಲೇಬೇಕು ಅಂತ 2018ರಲ್ಲಿ ಕಾನೂನೇ ಜಾರಿಗೆ ಬಂತು. ಅದನ್ನು ಯಾಕೆ ಹೇಳಿದೆ ಅಂದರೆ, ಸಲಹೆ ಕೊಡುವವರು ಯಾರ ಋಣದಲ್ಲೂ ಇರಬಾರದು. ಕಾಲೇಜಿನಿಂದ ಕಮಿಷನ್ ಪಡೆಯುವವರು ಶಾಲೆಗೆ ಬಂದು 'ಉಚಿತ ಕೌನ್ಸೆಲಿಂಗ್' ಕೊಟ್ಟರೆ ಅದು ವ್ಯಾಪಾರ. ಅದನ್ನು ತಡೆಯುವ ಆದೇಶ ನಿಮ್ಮ ಕೈಯಲ್ಲೇ ಇದೆ.

ಎಷ್ಟು ಜನ ಬೇಕು ಅಂತ ಕೇಳಿದರೆ, ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ವಿದ್ಯಾರ್ಥಿಗಳಿಗೆ ಒಬ್ಬರು ಅನ್ನುತ್ತದೆ. ಅಷ್ಟು ಶ್ರೀಮಂತ ದೇಶದಲ್ಲೂ 2022-23ರಲ್ಲಿ ಒಬ್ಬರ ಪಾಲಿಗೆ 385 ಮಕ್ಕಳಿದ್ದರು. ಹಾಗಾಗಿ ನಾಳೆ ಬೆಳಗ್ಗೆಯೇ ಪ್ರತಿ ಶಾಲೆಗೂ ಕೌನ್ಸೆಲರ್ ಬೇಕು ಅಂತ ಹಟ ಹಿಡಿಯುವಷ್ಟು ಅವಿವೇಕಿ ನಾನಲ್ಲ. ಆದರೆ ಇರುವ ಟೀಚರ್‌ಗಳಲ್ಲೇ ಒಬ್ಬರಿಗೆ ಸರಿಯಾದ ತರಬೇತಿ ಕೊಟ್ಟು, ಅವರ ಪಾಠದ ಪಿರಿಯಡ್‌ಗಳನ್ನು ಕಡಿಮೆ ಮಾಡಿ, ಎಂಟರಿಂದ ಮೇಲಿನ ಪ್ರತಿ ತರಗತಿಗೂ ವಾರಕ್ಕೊಂದು ಪಿರಿಯಡ್ ಇದಕ್ಕಂತ ಬರೆದುಕೊಡಬಹುದು ಅಲ್ವಾ? ಎರಡು ಮೂರು ಶಾಲೆಗೆ ಒಬ್ಬರಾದರೂ ಪೂರ್ಣಾವಧಿ ಕೌನ್ಸೆಲರ್ ಇರಲಿ. ಫಲಿತಾಂಶದ ದಿನದಿಂದ ಕಾಲೇಜಿನ ಕೊನೆ ಪ್ರವೇಶ ದಿನದವರೆಗೆ ಅವರಿಗೆ ರಜೆ ಬೇಡ. ಆ ದುಡಿಮೆಗೆ ಸಂಬಳ ಕೊಡಿ, ಬದಲಿ ರಜೆ ಆಮೇಲೆ ಕೊಡಿ. ಅವರ ಕೆಲಸ ಅಳೆಯುವಾಗ 'ಎಷ್ಟು ಕಾರ್ಯಕ್ರಮ ಮಾಡಿದಿರಿ' ಅಂತ ಕೇಳಬೇಡಿ. ಹೋದ ವರ್ಷ ಶಾಲೆ ಬಿಟ್ಟ ಪ್ರತಿಯೊಂದು ಮಗುವೂ ಈಗ ಎಲ್ಲಿದೆ, ಏನು ಓದುತ್ತಿದೆ ಅಥವಾ ಏನು ಕೆಲಸ ಮಾಡುತ್ತಿದೆ ಅಂತ ಕೇಳಿ. ಈಗ ಆ ಪ್ರಶ್ನೆಗೆ ಯಾವ ಕಡತದಲ್ಲೂ ಉತ್ತರ ಸಿಗುವುದಿಲ್ಲ. ಎಷ್ಟು ಜನ ಪಾಸಾದರು ಅನ್ನುವಲ್ಲಿಗೆ ನಮ್ಮ ಲೆಕ್ಕ ಮುಗಿದುಹೋಗುತ್ತದೆ.

ಹೊಸ ಟೈಮ್‌ಟೇಬಲ್ ಮಾದರಿ ಶಾಲೆಗಳಿಗೆ ಹೋಗುವ ಮುಂಚೆ ನಿಮ್ಮ ಮೇಜಿಗೆ ಬರುತ್ತದೆ ಅಂತ ಕೇಳಿದ್ದೇನೆ. ಅದರಲ್ಲಿ ಈ ಒಂದು ಪಿರಿಯಡ್ ಸೇರಿಸಿ ಸಹಿ ಹಾಕಿ. ಮೇಳಕ್ಕೆ ಇಟ್ಟ ಹಣದಲ್ಲಿ ಅರ್ಧವನ್ನು ತರಬೇತಿಗೆ ತಿರುಗಿಸಿ. ಆಗುವುದಿಲ್ಲ ಅನ್ನುವುದಾದರೆ ಯಾಕೆ ಆಗುವುದಿಲ್ಲ ಅಂತ ನಾಲ್ಕು ಸಾಲು ಬಹಿರಂಗವಾಗಿಯೇ ಬರೆಯಿರಿ. ಓದಲು ನಾವು ಟೀಚರ್‌ಗಳು ಕಾದಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತದ ಟೀಚರ್