ಯೊಮರಿ ಹುಣ್ಣಿಮೆಯ ಸಾಮೂಹಿಕ ಅಡುಗೆಗೆ ದೇಣಿಗೆ ಮನವಿ

ಮಾನ್ಯರೇ,

ನೇಪಾಳದ ಪಶುಪತಿನಾಥನ ಗರ್ಭಗುಡಿಯಲ್ಲಿ ಕರ್ನಾಟಕದ ಭಟ್ಟರು ಪೂಜೆ ಮಾಡುವುದು ನಿಮಗೆ ಗೊತ್ತು. ಅದೇ ಕಠ್ಮಂಡು ಕಣಿವೆಯ ನೇವಾರ ಸಮುದಾಯದವರ ಸುಗ್ಗಿ ಹಬ್ಬದ ಸುದ್ದಿ ನಮ್ಮ ಕಡೆಗೆ ಅಷ್ಟಾಗಿ ಬಂದಿಲ್ಲ. ನಮ್ಮಲ್ಲಿ ಹೊಸ್ತಿಲ ಹುಣ್ಣಿಮೆ ಎನ್ನುವ ಮಾರ್ಗಶಿರ ಹುಣ್ಣಿಮೆ ಅವರಿಗೆ ಯೊಮರಿ ಪುನ್ಹಿ. ಆಗ ತಾನೇ ಭತ್ತ ಕೊಯ್ದು ಮುಗಿದಿರುತ್ತದೆ. ಹೊಸ ಅಕ್ಕಿಯ ಹಿಟ್ಟಿನಲ್ಲಿ ಬೆಲ್ಲ, ಎಳ್ಳಿನ ಹೂರಣ ತುಂಬಿದ ಯೊಮರಿ ಎಂಬ ಕಡುಬು ಬೇಯಿಸಿ ಬೌದ್ಧರು ವಸುಂಧರಾ ದೇವಿಗೂ ಹಿಂದೂಗಳು ಅನ್ನಪೂರ್ಣೆ, ಕುಬೇರರಿಗೂ ಅರ್ಪಿಸುತ್ತಾರೆ. ಎರಡೂ ಪೂಜೆ ನಡೆಯುವ ಮನೆಗಳು ಬೇಕಾದಷ್ಟಿವೆ. ಗಣೇಶ, ಲಕ್ಷ್ಮಿಯರ ಆಕಾರದಲ್ಲಿ ಮಾಡಿದವು ಭತ್ತದ ಕಣಜ ಸೇರಿ, ನಾಲ್ಕನೇ ದಿನ ಪ್ರಸಾದವಾಗಿ ಹೊರಬರುತ್ತವೆ. ಹುಣ್ಣಿಮೆ ಸಂಜೆ ಮಕ್ಕಳು ಹಾಡುತ್ತಾ ಮನೆಮನೆಗೆ ಬಂದು ಯೊಮರಿ ಕೇಳುತ್ತಾರೆ.

ಕಣಿವೆಯ ಗದ್ದೆಗಳ ಮೇಲೆ ಮನೆಗಳು ಎದ್ದಿವೆ. ಸ್ವಂತ ಭತ್ತವಿಲ್ಲದ ಕುಟುಂಬಗಳು ಹೆಚ್ಚಾಗಿವೆ. ಅದೇ ಕಣಿವೆಯ ಪಾಟನ್ ನಗರದ ಒಂದು ಕೇರಿಯಲ್ಲಿ ಇಂಥವರೊಡನೆ ನಮ್ಮ ಟ್ರಸ್ಟ್ ನಡೆಸುವ ಸಾಮೂಹಿಕ ಅಡುಗೆಗೆ 1,000 ಯೊಮರಿ ಬೇಕು. ಅಂದರೆ 25 ಕಿಲೋ ಹಿಟ್ಟು, 12 ಕಿಲೋ ಚಾಕು, 4 ಕಿಲೋ ಎಳ್ಳು. ಚಾಕು ಎಂದರೆ ಕಬ್ಬಿನ ಪಾಕ ಕುದಿಸಿ, ಎಳೆದೆಳೆದು ಗಟ್ಟಿ ಮಾಡಿದ ಅಲ್ಲಿಯ ಬೆಲ್ಲ. ತೋಖಾ ಊರಿನದು ಹೆಸರುವಾಸಿ.

ಮೋದಕ ಮಾಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅಕ್ಕಿಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರು ಬಿದ್ದರೇ ಅಂಟು ಬರುವುದು, ಬಿಸಿ ಇರುವಾಗಲೇ ನಾದಬೇಕು. ನಿಂಬೆ ಗಾತ್ರದ ಉಂಡೆಗೆ ಎಣ್ಣೆ ಹಚ್ಚಿದ ತೋರುಬೆರಳು ತೂರಿಸಿ, ತಿರುಗಿಸುತ್ತಾ ಉದ್ದಕ್ಕೆ ಎಳೆದರೆ ತುದಿ ಚೂಪಾದ ಕೊಳವೆಯಾಗುತ್ತದೆ. ಗೋಡೆ ದಪ್ಪವಾದರೆ ಬೆಂದ ಮೇಲೆ ಹಿಟ್ಟಿನ ರುಚಿಯೇ ಮುಂದು. ಬೆರಳಿನ ನೆರಳು ಕಾಣುವಷ್ಟು ತೆಳುವಾದರೆ ಹೂರಣ ಸೋರುತ್ತದೆ. ಹೂರಣ ಆರಿಯೇ ಇರಬೇಕು, ಬಾಯಿ ಒತ್ತಿ ಮುಚ್ಚಬೇಕು, ಮುಚ್ಚಳಕ್ಕೆ ಬಟ್ಟೆ ಕಟ್ಟಬೇಕು. ಇಲ್ಲದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಮೇಲ್ಮೈ ಲೋಳೆಯಾಗುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಕೆಡುವುದು ಕಾಯುವಾಗ. ಈಗಿರುವುದು ಮೂರು ಅಂತಸ್ತಿನ ಒಂದೇ ಹಬೆಪಾತ್ರೆ. ಒಂದು ಸಲಕ್ಕೆ 60 ಯೊಮರಿ, ತುಂಬಿ ಬೇಯಿಸಿ ತೆಗೆಯಲು 20 ನಿಮಿಷ. ಸಾವಿರ ಮುಗಿಯಲು ಸುಮಾರು ಆರು ಗಂಟೆ. ಡಿಸೆಂಬರಿನ ಒಣಗಾಳಿಗೆ, ಒದ್ದೆ ಬಟ್ಟೆ ಹೊದಿಸಿದರೂ, ಸರದಿ ಕಾಯುವ ಯೊಮರಿಗಳ ತುದಿ ಒಣಗಿ ಬಿರುಕು ಬಿಡುತ್ತದೆ. ಹಬೆಯಲ್ಲಿ ಅಲ್ಲೇ ಒಡೆದು ಬೆಲ್ಲವೆಲ್ಲ ತಳದ ನೀರಿಗೆ ಇಳಿಯುತ್ತದೆ. ಒಡೆದದ್ದನ್ನು ಕಣಜಕ್ಕೆ ಇಡಲಾಗದು. ಎರಡನೇ ಪಾತ್ರೆ ಬಂದರೆ ಕೆಲಸ ಮೂರು ಗಂಟೆಗೆ ಇಳಿಯುತ್ತದೆ. ಆದ್ದರಿಂದ ಮೊದಲು ಕೇಳುತ್ತಿರುವುದು ಅದನ್ನೇ: ಅದಕ್ಕೆ 5,000 ರೂಪಾಯಿ.

ಉಳಿದದ್ದು ಐದು ಪಾಲು. ಒಂದು ಪಾಲಿನಲ್ಲಿ 5 ಕಿಲೋ ಹಿಟ್ಟು, 2.4 ಕಿಲೋ ಚಾಕು, 800 ಗ್ರಾಂ ಎಳ್ಳು, ಗ್ಯಾಸ್ ಖರ್ಚು ಸೇರಿ 1,500 ರೂಪಾಯಿ; ಇದರಿಂದ 200 ಯೊಮರಿ ಆಗುತ್ತದೆ. ಮೊತ್ತವೆಲ್ಲ ಭಾರತೀಯ ರೂಪಾಯಿಯಲ್ಲಿದೆ. ನಮ್ಮ 100 ಅಲ್ಲಿ 160 ಆಗುತ್ತದೆ. ಅರ್ಧ ಪಾಲು ಕೊಟ್ಟರೂ ಸಂತೋಷ. ಎಲ್ಲಕ್ಕೂ ರಸೀದಿ ಕೊಡುತ್ತೇವೆ.

ಹುಣ್ಣಿಮೆಗೆ 15 ದಿನ ಮೊದಲೇ ಹಣ ತಲುಪಿದರೆ ರೈತರಿಂದ ನೇರವಾಗಿ ಹೊಸ ಅಕ್ಕಿ ಹಿಡಿಯಬಹುದು. ತಡವಾದರೆ ಅಂಗಡಿಯ ಹಳೇ ಹಿಟ್ಟೇ ಗತಿ. ಹೊಸ ಬೆಳೆಯ ನೈವೇದ್ಯಕ್ಕೆ ಅದು ಸಲ್ಲದು.