ಶ್ರೆಕ್‌ನ ಕೊನೆಯ ಅಧ್ಯಾಯ ಬಾಲಂಗೋಚಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಐದನೆಯ ‘ಶ್ರೆಕ್’ ಚಿತ್ರ ಬರಲಿದೆಯೆಂದು 2024ರಲ್ಲಿ ಪ್ರಕಟವಾದಾಗಿನಿಂದ ಶ್ರೆಕ್ ಎಂಬ ಹಸಿರು ರಾಕ್ಷಸನ ಈ ಅನಿಮೇಷನ್ ಸರಣಿಯ ಮಾತು ಮತ್ತೆ ಎದ್ದಿದೆ. ಮೊದಲೆರಡು ಚಿತ್ರಗಳನ್ನು ಮನಸಾರೆ ಹೊಗಳುವವರು, 2010ರಲ್ಲಿ ತೆರೆಕಂಡ ನಾಲ್ಕನೆಯ ಚಿತ್ರ ‘ಶ್ರೆಕ್ ಫಾರೆವರ್ ಆಫ್ಟರ್’ ಅನ್ನು ಹಣಕ್ಕಾಗಿ ಅಂಟಿಸಿದ ಬಾಲಂಗೋಚಿ ಎಂಬಂತೆ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. 2007ರ ಮೂರನೆಯ ಚಿತ್ರ ಸೊರಗಿತ್ತೆಂಬುದು ನಿಜ. ಆದರೆ ಕೊನೆಯ ಅಧ್ಯಾಯವೆಂದೇ ಡ್ರೀಮ್‌ವರ್ಕ್ಸ್ ಸಂಸ್ಥೆ ಪ್ರಚಾರ ಮಾಡಿದ್ದ, ಮೈಕ್ ಮಿಚೆಲ್ ನಿರ್ದೇಶನದ ಈ ಚಿತ್ರವನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ.

ಅಜ್ಜಿಕತೆಗಳು ಮದುವೆಯಲ್ಲಿ ಮುಗಿಯುತ್ತವೆ; ಎಲ್ಲರೂ ಸುಖವಾಗಿದ್ದರು ಎನ್ನುವಷ್ಟರಲ್ಲಿ ಮಗು ನಿದ್ದೆಹೋಗಿರುತ್ತದೆ. ಈ ಚಿತ್ರ ಹಿಡಿದಿರುವುದು ಅದರ ಮುಂದಿನ ಸಂಸಾರವನ್ನು. ಮೂರು ಕೂಸುಗಳ ಆರೈಕೆ, ಮನೆಯೆದುರು ದಿನವೂ ಬಂದು ನಿಲ್ಲುವ ಪ್ರವಾಸಿಗರ ಗಾಡಿ, ಹಿಂದೆ ತನ್ನನ್ನು ಕಂಡರೆ ಓಡುತ್ತಿದ್ದ ಜನ ಈಗ ತೋರುವ ಸಲಿಗೆ, ಇವುಗಳಿಂದ ಬೇಸತ್ತ ಶ್ರೆಕ್, ಗರ್ಜಿಸಿ ತೋರಿಸೆಂದು ಪೀಡಿಸಿದಾಗ ಮಕ್ಕಳ ಮೊದಲ ಹುಟ್ಟುಹಬ್ಬದ ಕೇಕನ್ನೇ ಗುದ್ದಿ ಹಾಳುಮಾಡುತ್ತಾನೆ. ಬಳಿಕ ರಂಪಲ್‌ಸ್ಟಿಲ್ಟ್‌ಸ್ಕಿನ್ ಎಂಬ ಕುಳ್ಳನ ಕರಾರಿಗೆ ಸಹಿ ಹಾಕಿ, ಹಳೆಯಂತೆ ರಾಕ್ಷಸನಾಗಿ ಕಳೆಯುವ ಒಂದು ದಿನಕ್ಕೆ ಬದಲಾಗಿ ತನ್ನ ಎಳವೆಯ ಒಂದು ದಿನವನ್ನು ಬರೆದುಕೊಡುತ್ತಾನೆ. ಗ್ರಿಮ್ ಸಹೋದರರ ಕಥೆಯಲ್ಲಿ ಹುಲ್ಲನ್ನು ಚಿನ್ನವಾಗಿ ನೂತುಕೊಟ್ಟು ತಾಯಿಯಿಂದ ಚೊಚ್ಚಲ ಮಗುವನ್ನು ಕೇಳುವವನೂ ಇದೇ ಕುಳ್ಳ. ಇಲ್ಲಿ ಅವನು ಕಸಿದುಕೊಳ್ಳುವುದು ಶ್ರೆಕ್ ಹುಟ್ಟಿದ ದಿನವನ್ನೇ. ಚಿತ್ರದ ಕಥಾ ವಿಭಾಗದ ಮುಖ್ಯಸ್ಥರಾಗಿದ್ದ ವಾಲ್ಟ್ ಡಾರ್ನ್ ಅವರೇ ಈ ಪಾತ್ರಕ್ಕೆ ಕೊಟ್ಟಿರುವ ಕೀರಲು ದನಿ ಕಿವಿಯಲ್ಲಿ ಉಳಿಯುವಂಥದ್ದು.

ಹಾಗಾಗಿ ಶ್ರೆಕ್ ಹುಟ್ಟಿಯೇ ಇಲ್ಲದ ಆ ಲೋಕದಲ್ಲಿ, ಮೊದಲ ಚಿತ್ರದಲ್ಲಿ ಅವನೇ ಗೋಪುರದಿಂದ ಬಿಡಿಸಿ ತಂದು ಮದುವೆಯಾಗಿದ್ದ ಫಿಯೋನಾ ಯಾರಿಗೂ ಕಾಯದೆ ತಾನೇ ಗೋಪುರದಿಂದ ಪಾರಾಗಿ, ರಾಕ್ಷಸರ ಬಂಡಾಯಕ್ಕೆ ನಾಯಕಿಯಾಗಿದ್ದಾಳೆ. ನಿಜವಾದ ಪ್ರೀತಿಯ ಮುತ್ತಿನಿಂದ ಕರಾರು ಮುರಿಯುತ್ತದೆಂದು ತಿಳಿದು ಅವನು ಮುತ್ತಿಟ್ಟಾಗ ಏನೂ ಆಗುವುದಿಲ್ಲ, ಏಕೆಂದರೆ ಅವಳಿಗೆ ಅವನಲ್ಲಿ ಪ್ರೀತಿ ಇನ್ನೂ ಹುಟ್ಟಿಲ್ಲ. ಗಂಡನೆಂಬ ಹಕ್ಕು ಇಲ್ಲಿ ನಡೆಯುವುದಿಲ್ಲ; ಅವಳ ಮನಸ್ಸನ್ನು ಅವನು ಮೊದಲಿನಿಂದ ಗೆಲ್ಲಬೇಕು. ಇಷ್ಟು ಪ್ರಬುದ್ಧವಾದ ಮಾತನ್ನು ದೊಡ್ಡವರಿಗೆಂದೇ ತೆಗೆದ ಎಷ್ಟು ಪ್ರೇಮಚಿತ್ರಗಳು ಹೇಳಿವೆ? ಕೊನೆಯಲ್ಲಿ ಕರಾರಿನ ಒಂದು ದಿನ ಮುಗಿದು ಬೆಳಗಾಗುತ್ತಿದ್ದಂತೆ, ಹುಟ್ಟಿಯೇ ಇರದವನಾದ್ದರಿಂದ ಕರಗಿಹೋಗುತ್ತಿರುವ ಶ್ರೆಕ್, ಮಗಳು ಫೆಲಿಷಿಯಾಳ ಪುಟ್ಟ ಗೊಂಬೆಯನ್ನು ಆ ಮಗುವನ್ನು ಕಂಡೇ ಇರದ ತಾಯಿಯ ಕೈಗಿಡುತ್ತಾನೆ. ಆ ದೃಶ್ಯದಲ್ಲಿ ನನ್ನ ಪಕ್ಕದಲ್ಲಿದ್ದ ಮಗ ಮುಂದೇನಾಗುವುದೋ ಎಂದು ಕಾಯುತ್ತಿದ್ದ. ನನ್ನ ಕಣ್ಣು ಮಾತ್ರ ಮಂಜಾಗಿತ್ತು.

ಐದನೆಯ ಚಿತ್ರದ ಬಗ್ಗೆ ಬರೆಯಲಿರುವ ವಿಮರ್ಶಕರು ಅದಕ್ಕೆ ಮೊದಲು ಈ ಚಿತ್ರವನ್ನು ಇನ್ನೊಮ್ಮೆ ನೋಡಬೇಕೆಂದು ವಿನಂತಿಸುತ್ತೇನೆ. ಅನಿಮೇಷನ್ ಚಿತ್ರಗಳನ್ನು ರಜೆಯ ಮಕ್ಕಳ ಪುಟಕ್ಕೆ ತಳ್ಳದೆ, ಉಳಿದ ಚಿತ್ರಗಳ ಪಕ್ಕದಲ್ಲೇ ಅಷ್ಟೇ ವಿವರವಾಗಿ ವಿಮರ್ಶಿಸುವ ಪರಿಪಾಠವನ್ನು ತಮ್ಮ ಪತ್ರಿಕೆ ಆರಂಭಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಧಾರವಾಡ